ಬಾಡಿಗೆದಾರರಿಗೆ ವಿಚಾರಣೆ, ಬಂದವರಿಗೆಲ್ಲ ಪೋರ್ಟು

ಬೆಂಗಳೂರಿನ ಮನೆ ಮಾಲೀಕರ ಎಚ್ಚರವನ್ನು ಎಷ್ಟು ಹೊಗಳಿದರೂ ಸಾಲದು. ಬಾಡಿಗೆಗೆ ಬಂದವರ ಊರು, ಊಟ, ಮದುವೆಯನ್ನೆಲ್ಲ ವಿಚಾರಿಸಿ, ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಂಡು, ಮೆಟ್ಟಿಲಿಗೊಂದು ಕ್ಯಾಮೆರಾ ಇಟ್ಟು, ಅದರ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನು ಮಾತ್ರ 'ಅಡ್ಮಿನ್' ಎಂಬ ಪಾಸ್‌ವರ್ಡಿನೊಂದಿಗೆ ಜಗತ್ತಿಗೆ ತೆರೆದಿಡುವ ಉದಾರತೆ ಬೇರೆಲ್ಲಿ ಸಿಕ್ಕೀತು?

ಈ ಪುಣ್ಯದಲ್ಲಿ ಕ್ಯಾಮೆರಾ ಹಾಕಲು ಬಂದ ತಜ್ಞರಿಗೂ ಪಾಲಿದೆ. ಬೇಕಾದ ಒಂದೇ ಪೋರ್ಟನ್ನು (ಸಂಪರ್ಕ ಒಳಬರುವ, ಸಂಖ್ಯೆಯಿರುವ ಬಾಗಿಲನ್ನು) ಡಿವಿಆರಿಗೆ ಫಾರ್ವರ್ಡ್ ಮಾಡುವ ತಾಳ್ಮೆಯಿಲ್ಲದೆ, ಅವರು ರೂಟರಿನ ಡಿಎಂಜೆಡ್ ಎಂಬ ಸೆಟ್ಟಿಂಗಿನಲ್ಲಿ ಡಿವಿಆರಿನ ವಿಳಾಸ ತುಂಬಿ, ಹೊರಗಿನಿಂದ ಬಂದದ್ದನ್ನೆಲ್ಲ ಅದರತ್ತ ಕಳುಹಿಸಿ, "ಮೊಬೈಲಲ್ಲಿ ಬರ್ತಿದೆ ನೋಡಿ ಸಾರ್" ಎನ್ನುತ್ತಾರೆ. ಆ ವಿಳಾಸವನ್ನು ಡಿವಿಆರಿಗೆಂದೇ ಕಾದಿರಿಸದ ಕಾರಣ, ಕರೆಂಟು ಹೋಗಿ ಬಂದ ಮೇಲೆ ಅದು ಮಗಳ ಲ್ಯಾಪ್‌ಟಾಪಿನ ಪಾಲಾದರೂ ಆಗಬಹುದು. ಕೊಂಚ ಜಾಣರಾದವರು ಪೋರ್ಟಿನ ಸಂಖ್ಯೆ ಬದಲಿಸಿ ನೆಮ್ಮದಿಯಾಗಿರುತ್ತಾರೆ. ಆದರೆ ಇಂಟರ್ನೆಟ್ಟಿನ ಹಳೆಯ ಬಗೆಯ ವಿಳಾಸಗಳಾದ ಐಪಿವಿ4ರ ಇಡೀ ಲೋಕದಲ್ಲಿ ಒಂದು ಪೋರ್ಟನ್ನು ತಟ್ಟಿ ನೋಡಲು, 2013ರಲ್ಲಿ ಬಂದ ಜೀಮ್ಯಾಪ್ ಎಂಬ ತಂತ್ರಾಂಶಕ್ಕೆ ವೇಗದ ಸಂಪರ್ಕವಿದ್ದರೆ ಮುಕ್ಕಾಲು ಗಂಟೆ ಸಾಕು. ಸಂಜೆ ಟಿನ್ ಫ್ಯಾಕ್ಟರಿಯಿಂದ ಹೆಬ್ಬಾಳ ತಲುಪಲು ನಮಗೆ ಅಷ್ಟು ಸಾಲದು.

ಇಷ್ಟು ದಿನ ನಮ್ಮನ್ನು ಕಾಪಾಡಿರುವುದು ಇಂಟರ್ನೆಟ್ ಕಂಪನಿಗಳ ಜಿಪುಣತನ. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಸಿಜಿನ್ಯಾಟ್ ಇರುವ ಕಡೆ ರೂಟರಿನಲ್ಲಿ ಏನೇ ತೆರೆದರೂ ಹೊರಗಿನವರು ಒಳಬರಲಾರರು. ಆದರೆ ನಮ್ಮ ಮಾಲೀಕರು ಬಿಡುವವರೇ? ಹೆಚ್ಚಿನ ಹಣ ತೆತ್ತು ಸ್ಟ್ಯಾಟಿಕ್ ಐಪಿ ಎಂಬ ಸ್ವಂತದ ಸಾರ್ವಜನಿಕ ವಿಳಾಸ ಕೊಂಡು, ಆ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾರೆ.

ಕಾರ್ಖಾನೆಯ ಪಾಸ್‌ವರ್ಡುಗಳ ಪಟ್ಟಿಯೊಂದನ್ನೇ ಹಿಡಿದು ಮಿರಾಯ್ ಎಂಬ ಕುತಂತ್ರಾಂಶ 2016ರಲ್ಲಿ ಇಂಥ ಡಿವಿಆರ್‌ಗಳನ್ನೂ ಕ್ಯಾಮೆರಾಗಳನ್ನೂ ವಶಪಡಿಸಿಕೊಂಡಿತು. ಆ ಸೇನೆ ಅಕ್ಟೋಬರಿನಲ್ಲಿ ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ತತ್ತರಿಸಿದವು. ಇಷ್ಟು ವರ್ಷಗಳ ಮೇಲೂ ಅದೇ ಪಾಸ್‌ವರ್ಡು! ಮೆಟ್ಟಿಲಿಳಿಯುವ ಬಾಡಿಗೆದಾರರ ಮಗಳನ್ನು ಯಾವ ದೇಶದ ಯಾರು ನೋಡುತ್ತಿದ್ದಾರೋ ತಿಳಿಯದು, ಆಕೆಯನ್ನು ಒಂದು ಮಾತು ಕೇಳಿದವರೂ ಇಲ್ಲ. ಇದರಲ್ಲಿ ನಗುವುದಕ್ಕೇನೂ ಉಳಿದಿಲ್ಲ. ಪಾಸ್‌ವರ್ಡ್ ಬದಲಿಸಿ, ಡಿಎಂಜೆಡನ್ನೂ, ಸಾಧನಗಳೇ ಪೋರ್ಟು ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನೂ ಆಫ್ ಮಾಡಿ, ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ನವೀಕರಿಸಿ, ಡಿವಿಆರ್ ಬದಲು ವೈರ್‌ಗಾರ್ಡ್‌ನಂಥ ವಿಪಿಎನ್‌ಗೆ (ಕೀಲಿ ಇದ್ದವರಿಗಷ್ಟೇ ದಾರಿ ಬಿಡುವ ಗುಪ್ತ ಸುರಂಗಕ್ಕೆ) ಒಂದೇ ಪೋರ್ಟ್ ತೆರೆಯಲು ಒಂದು ಭಾನುವಾರ ಸಾಕು.

ಮಾಲೀಕರೊಬ್ಬರಿಗೆ ಇದನ್ನೇ ಹೇಳಿದರೆ, ಪಾಸ್‌ವರ್ಡ್ ಬದಲಿಸಿದರೆ ಅಮೆರಿಕದಲ್ಲಿರುವ ಮಗನಿಗೆ ಮೆಟ್ಟಿಲು ಕಾಣುವುದಿಲ್ಲವಂತೆ.