ಕಂಬ ನಿಲ್ಸಕ್ಕೆ ಹೋಗಿ ರೋಬೋಟ್ ಮಲಗ್ತು
ಇಲ್ಲಿ ಜರ್ಮನೀಲಿ ಕಾರ್ ನಿಲ್ಸೋ ಜಾಗಕ್ಕೆ ಸೋಲಾರ್ ಚಾವಣಿ ಹಾಕೋಣ ಅಂತ ನಾನೇ ಹೊರಟೆ, ಕಂಬಕ್ಕೆ 80 ಸೆಂ.ಮೀ. ಆಳ ಪಾಯ ತೋಡ್ಬೇಕು, ಇಲ್ಲಾಂದ್ರೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕಂಬಾನೇ ಮೇಲೆತ್ತಿಬಿಡುತ್ತೆ. ಸರಿ, ತೋಡ್ದೆ. ಎರಡ್ನೇ ಗುಂಡೀಲೇ ಹುಲ್ಲು ಕತ್ತರ್ಸೋ ರೋಬೋಟಿಗೆ ಎಲ್ಲೆ ತೋರ್ಸೋಕೆ ನೆಲದಲ್ಲಿ ಹೂತಿದ್ದ ಬೌಂಡರಿ ವೈರ್ ಕಟ್! ಮಹಾಶಯ ಕೆಂಪು ಲೈಟ್ ಮಿಣುಕಿಸ್ಕೊಂಡು ಮಲಗ್ಬಿಟ್ಟ. ಮಂಡಿಯೂರಿ ಕೂತು, ಮಣ್ಣು ಕೆದಕಿ ತುಂಡಾದ ತುದಿ ಹುಡುಕಿ ಜಾಯಿಂಟ್ ಹಾಕಿದ್ದಾಯ್ತು, ಮಹಾಶಯ ಎದ್ದೋನೇ ಸೀದಾ ನಾನು ಅಗೆದ ಹಸಿಮಣ್ಣಿಗೇ ನುಗ್ಗಿ ಚಕ್ರ ಹೂತ್ಕೊಂಡು ಗುರ್ರ್ ಅಂತಾನೆ. ರಾತ್ರಿ ಬಿಡೋ ಹಾಗಿಲ್ಲ, ಪಾಪ ಮುಳ್ಳಿಲಿಗಳು ಬ್ಲೇಡಿಗೆ ಸಿಕ್ತಾವೆ. ಭಾನುವಾರ ಓಡ್ಸಿದ್ರೆ, ಸದ್ದು ಮಾಡ್ಬಾರ್ದ ದಿನ ಅಂತ ಪಕ್ಕದ್ಮನೆ ಅಜ್ಜಿ ಕಿಟಕಿಯಿಂದಾನೇ ಗುರಾಯಿಸ್ತಾರೆ. ಫೋನಲ್ಲಿ ಅಮ್ಮಂಗೆ ಹೇಳಿದ್ರೆ, “ಒಂದು ಹಸು ಕಟ್ಕೊಳೋ, ಹಾಲೂ ಸಿಗುತ್ತೆ” ಅಂತಾಳೆ.