ಹೊಳೆಬದಿಯ ನಡೆದಾರಿ: ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ. ಕಾಸರಗೋಡಿನ ಯಾವ ಹೊಳೆಯ ದಡದಲ್ಲಿ ವಾಕ್‌ವೇ ಮಾಡುವ ಮಾತು ಬಂದರೂ ಸಭೆ ಎರಡು ಪಾಲಾಗುತ್ತದೆ. "ಊರಿಗೆ ಪ್ರವಾಸಿಗರು ಬರಲಿ" ಎಂದು ಒಂದು ಕಡೆ, "ನಮ್ಮ ತೋಟ ಹೋಗುತ್ತದೆ" ಎಂದು ಇನ್ನೊಂದು ಕಡೆ. ದಾರಿ ನೀರಿನಿಂದ ಎಷ್ಟು ದೂರ, ಎಷ್ಟು ಎತ್ತರ, ಯಾವುದರಿಂದ ಮಾಡುತ್ತೀರಿ ಎಂದು ಕೇಳುವವರು ಕಡಿಮೆ. ಚರ್ಚೆ ಆಗಬೇಕಾದ್ದು ಅದರ ಮೇಲೆಯೇ.

ನಡೆದಾರಿ ಬೇಕು ಎನ್ನುವ ಪಕ್ಷ ನನ್ನದು. ಹೆದ್ದಾರಿ ಅಗಲವಾದ ಮೇಲೆ ಹಿರಿಯರಿಗೂ ಮಕ್ಕಳಿಗೂ ಹೆದರಿಕೆಯಿಲ್ಲದೆ ಕಾಲಾಡಿಸುವ ಜಾಗ ಎಲ್ಲಿದೆ? ಆದರೆ ನೀರಿನಂಚಿಗೇ ಕಗ್ಗಲ್ಲಿನ ತಡೆಗೋಡೆ, ಅದರ ಹಿಂದೆ ಮಣ್ಣು ತುಂಬಿಸಿ ಇಂಟರ್‌ಲಾಕ್, ಸ್ಟೀಲ್ ಕಂಬಿ, ಸಾಲು ದೀಪ ಎಂಬ ಮಾದರಿಯನ್ನು ನಾನು ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 105 ಕಿ.ಮೀ. ಉದ್ದದ ಚಂದ್ರಗಿರಿಗೆ ಪಯಸ್ವಿನಿಯ ನೀರು ಕೊಡಗಿನಿಂದ ಸುಳ್ಯ ದಾಟಿ ಬರುತ್ತದೆ. ಇಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಹೊಯ್ದರೆ ಹೊಳೆ ಏರುತ್ತದೆ. ಗೋಡೆಗೆ ದೊಡ್ಡ ಅಪಾಯ ನೆರೆ ಏರುವಾಗಿನದಲ್ಲ, ಇಳಿಯುವಾಗಿನದು. ಹೊಳೆಯ ನೀರು ಬೇಗ ತಗ್ಗುತ್ತದೆ, ಗೋಡೆಯ ಹಿಂದಿನ ಮಣ್ಣು ಕುಡಿದ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಆ ಭಾರ ಗೋಡೆಯನ್ನು ಹೊಳೆಗೆ ನೂಕುತ್ತದೆ. ನೀರು ಬಸಿಯಲು ಒಂದೂವರೆ ಮೀಟರಿಗೊಂದರಂತೆ ಮೂರಿಂಚಿನ ಪೈಪು, ಅದರ ಹಿಂದೆ ಜಲ್ಲಿಯ ಸೋಸುಪದರ ಬೇಕು. ಪೈಪು ಇಟ್ಟು ಜಲ್ಲಿ ಬಿಟ್ಟರೆ ಒಂದೇ ಮಳೆಗಾಲಕ್ಕೆ ಕೆಸರು ಕಟ್ಟುತ್ತದೆ. ತಿರುವಿನ ಹೊರಮೈಯಲ್ಲಂತೂ ಪ್ರವಾಹ ಅಡಿಪಾಯದ ಕೆಳಗಿನ ಮರಳನ್ನೇ ಕೊರೆದೊಯ್ಯುತ್ತದೆ. ಇಂಟರ್‌ಲಾಕಿನ ಅಡಿಯಲ್ಲಿರುವುದೂ ಎರಡಿಂಚು ಮರಳೇ; ಅದು ತೊಳೆದುಹೋದರೆ ಕಲ್ಲುಗಳು ಕುಸಿಯುತ್ತವೆ.

ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆ. ದಡದ ಇಳಿಜಾರನ್ನು ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಓಟ ಬರುವಂತೆ ತಗ್ಗಿಸಿ, ತೆಂಗಿನ ನಾರಿನ ಭೂವಸ್ತ್ರ, ಅಂದರೆ ಮಣ್ಣು ಹಿಡಿಯುವ ಬಲೆಯಂಥ ಬಟ್ಟೆ, ಹಾಸಬೇಕು. ಮೇಲ್ತುದಿಯನ್ನು ಒಂದಡಿ ಆಳದ ಚರಂಡಿಯಲ್ಲಿ ಹೂತು ಕೆಳಕ್ಕೆ ಬಿಡಿಸುತ್ತಾ ಬರಬೇಕು. ಅಕ್ಕಪಕ್ಕದ ಪಟ್ಟಿಗಳ ಅಂಚು ಒಂದರ ಮೇಲೊಂದು ಅರ್ಧ ಅಡಿ ಬರಲಿ, ಮೀಟರಿಗೊಂದು ಬಿದಿರಿನ ಗೂಟ ಬೀಳಲಿ. ಬಲೆಯ ಕಣ್ಣುಗಳ ನಡುವೆ ಲಾವಂಚ, ದಡದ ಮೇಲೆ ಹೊಂಗೆ, ಬಿದಿರು, ಕೇದಗೆ. ನಾರು ಎರಡು ಮೂರು ವರ್ಷದಲ್ಲಿ ಕೊಳೆಯುವಷ್ಟರಲ್ಲಿ ಬೇರು ಮಣ್ಣನ್ನು ಹಿಡಿದಿರುತ್ತದೆ. ಉದ್ಯೋಗಖಾತರಿಯವರೇ ಮಾಡಬಲ್ಲ ಕೆಲಸ ಇದು. ಕೆಡುವುದು ಹೊತ್ತು ತಪ್ಪಿದಾಗ. ಹಣಕಾಸು ವರ್ಷ ಮುಗಿಯುತ್ತದೆಂದು ಮಾರ್ಚಿನ ಗಡಿಬಿಡಿಯಲ್ಲಿ ನೆಟ್ಟ ಲಾವಂಚ ಬಿಸಿಲಿಗೆ ಒಣಗುತ್ತದೆ, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದಾಗ ಬರಿಯ ಬಟ್ಟೆ ಮಾತ್ರ ಉಳಿದಿರುತ್ತದೆ. ನೆಲ ಇನ್ನೂ ತೇವವಿರುವ ಅಕ್ಟೋಬರಿನಲ್ಲಿ ನೆಟ್ಟು, ಬೇಸಗೆಯಲ್ಲಿ ನೀರು ಹನಿಸಬೇಕು.

ನಡೆಯುವ ಪಟ್ಟಿ 1.8 ಮೀಟರ್ ಅಗಲವಿದ್ದರೆ ಎರಡು ಗಾಲಿಕುರ್ಚಿಗಳು ಎದುರುಬದುರು ದಾಟುತ್ತವೆ. ಜಲ್ಲಿಯ ಮೇಲೆ ಮುರಕಲ್ಲಿನ ಪುಡಿ ಹಾಕಿ ಅರ್ಧ ಅಡಿ ದಪ್ಪಕ್ಕೆ ದಮ್ಮಸು ಮಾಡಿದರೆ ಸಾಕು. ದಾರಿಯನ್ನು ನೆಲದ ಮಟ್ಟದಲ್ಲೇ ಇಡಿ, ನೆರೆ ಅದರ ಮೇಲೆ ಹಾದುಹೋಗಲಿ. ಎತ್ತರಿಸಿದರೆ ಅದು ಅಡ್ಡಗಟ್ಟೆಯಾಗಿ ಅಡಿಕೆ ತೋಟದ ಕಣಿಯ ನೀರು ಒಳಗೇ ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ತೋಟದವರ ಹೆದರಿಕೆಯಲ್ಲಿ ನಿಜವಿರುವುದು ಇಲ್ಲಿ. ತೋಡು ದಾಟುವಲ್ಲಿ ಒಂದಡಿಯ ಪೈಪು ಹಾಕಬೇಡಿ, ಸೋಗೆ, ಹಾಳೆ, ತೆಂಗಿನ ಮಡಲು ಸೇರಿ ಒಂದೇ ಮಳೆಗೆ ಮುಚ್ಚುತ್ತದೆ. ಬಾಯಿ ತೆರೆದ ಸಂಕವೇ ಸರಿ.

ಜಾಗದ ವಿಷಯ. ಹೊಳೆ ಪುರಂಬೋಕು (ಸರಕಾರಿ ಜಾಗ) ಎಂದು ಕಾಗದದಲ್ಲಿರುವುದು ಇಂದು ನೀರಿನ ನಡುವೆ ಇರಬಹುದು, ದಾರಿ ಯಾರದೋ ಪಟ್ಟಾ ಜಾಗದಲ್ಲಿ ಬೀಳಬಹುದು. ಆದ್ದರಿಂದ ತಾಲೂಕು ಸರ್ವೇಯರ್ ಅಳೆದು ಕಲ್ಲು ಹಾಕಿದ ಮೇಲೆಯೇ ಟೆಂಡರ್. ಉಬ್ಬರದ ನೀರು ಬರುವಲ್ಲಿ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಇದೆ: 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರದ ದಡ ಆ ವಲಯಕ್ಕೆ ಸೇರುತ್ತದೆ. ಉಬ್ಬರದ ಗಡಿಯನ್ನು ಕಡುಬೇಸಗೆಯಲ್ಲಿ ಅಳೆದ ಉಪ್ಪಿನಂಶದಿಂದ ನಿರ್ಧರಿಸುತ್ತಾರೆ, ಸಾವಿರಕ್ಕೆ ಐದು ಪಾಲು. ಶಾಶ್ವತ ಅಣೆಕಟ್ಟು ಆಗುವ ಮೊದಲು ಬೇಸಗೆಯಲ್ಲಿ ಚಂದ್ರಗಿರಿ ಹೊಳೆಯ ಬಾವಿಕ್ಕೆರೆಯ ಪಂಪ್‌ಹೌಸ್ ತನಕ ಉಪ್ಪುನೀರು ಏರುತ್ತಿದ್ದುದನ್ನು ನೆನಪಿಸಿಕೊಂಡರೆ "ಕಡಲು ದೂರ ಇದೆಯಲ್ಲ" ಎನ್ನುವ ಮಾತು ನಿಲ್ಲುವುದಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಇರುವಲ್ಲಿ ದಾರಿ ಒಳಕ್ಕೆ ಸರಿಯಲೇಬೇಕು.

ಗ್ರಾಮಸಭೆಗೆ ವಾರ್ಡಿನ ಮತದಾರರ ಶೇ. 10ರಷ್ಟು ಕೋರಂ ಬೇಕು. ಅಷ್ಟು ಜನ ಸೇರಿದರೂ ಯೋಜನಾ ವರದಿ ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡಿಗರ ಒಪ್ಪಿಗೆಗೆ ಅರ್ಥವೇನು? 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ನಮ್ಮ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಸಭೆಗೆ ಮೊದಲೇ ಅರ್ಜಿ ಕೊಟ್ಟು ನಕ್ಷೆ, ಅಂದಾಜು ಪಟ್ಟಿ, ಹಳೆಯ ನೆರೆಗುರುತಿನ ಎತ್ತರ ಇವನ್ನು ಕನ್ನಡದಲ್ಲಿ ಕೇಳಿ. ಅಂದಾಜು ಪಟ್ಟಿಯಲ್ಲಿ ಪ್ರತಿ ಮಳೆಗಾಲದ ನಂತರ ಕೆಸರು ತೆಗೆಯುವ, ಸತ್ತ ಲಾವಂಚ ಮರುನೆಡುವ ಖರ್ಚಿಗೆ ಒಂದು ಸಾಲಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಸೇರಿಸದೆ ಕೈ ಎತ್ತಬೇಡಿ.