ಬ್ಯಾಂಕರ್ ಎಂಜಿನ್ ಕೂಡಿಸುವಷ್ಟು ಹೊತ್ತು

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅಕ್ಕ ನನ್ನ ಫೋನಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ, "ಏನೋ ಇದು, ರೈಲು ನೋಡಕ್ಕೆ ಹೋಗ್ತೀನಿ ಅಂತೀಯ, ಇಲ್ಲಿ ನೋಡಿದ್ರೆ ಎಂಜಿನ್ನಿಗಿಂತ ವಡೆ ಫೋಟೋನೇ ಜಾಸ್ತಿ ಇದೆ" ಎಂದಳು. ನಾನು ಎಣಿಸಿ ನೋಡಲಿಲ್ಲ, ಆದರೆ ಅವಳ ಮಾತು ಸುಳ್ಳಿರಲಾರದು. ರೈಲಿನ ಹುಚ್ಚು ಹಿಡಿದವರು ಬರೆದ ಯಾವ ಪ್ರವಾಸದ ವಿವರವನ್ನೇ ತೆಗೆದು ನೋಡಿ. ಎಂಜಿನ್ನಿನ ಸಂಖ್ಯೆ ಯಾವುದು, ಅದು ಯಾವ ಶೆಡ್ಡಿನದು, ಗಾಡಿ ಎಷ್ಟು ನಿಮಿಷ ತಡ ಎಂಬುದರ ನಡುವೆ, ಯಾವ ನಿಲ್ದಾಣದಲ್ಲಿ ಏನು ತಿಂದೆವು ಎಂಬುದು ತಪ್ಪದೆ ಬಂದಿರುತ್ತದೆ. ಇದನ್ನು ಬಾಯಿಚಪಲವೆಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಿಲ್ದಾಣದ ತಿಂಡಿಯೂ ಸಿಗ್ನಲ್ ಕಂಬದ ಹಾಗೆ, ನೀರಿನ ತೊಟ್ಟಿಯ ಹಾಗೆ ರೈಲ್ವೆಯ ಒಳಗಿನಿಂದಲೇ ಹುಟ್ಟಿದ್ದು. ಗಾಡಿ ಅಲ್ಲಿ ಯಾಕೆ ನಿಲ್ಲುತ್ತಿತ್ತು, ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂಬುದು ತಿಳಿಯದೆ ಆ ತಿಂಡಿ ಯಾಕೆ ಹಾಗಿದೆ ಎಂಬುದೂ ತಿಳಿಯುವುದಿಲ್ಲ.

ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬೆಂಗಳೂರಿಗೆ ಬರುವ ಗಾಡಿಗಳನ್ನೇ ನೋಡಿ. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳಿವೆ, ಪ್ರತಿ 50 ಮೀಟರಿಗೆ ಒಂದು ಮೀಟರಿನಷ್ಟು ಏರು ಇದೆ. ಮುಂದಿನ ಎಂಜಿನ್ ಒಂದರಿಂದಲೇ ಇದು ಆಗುವ ಕೆಲಸವಲ್ಲವಾದ್ದರಿಂದ ನೆಟ್ಟಣದಲ್ಲಿ ಹಿಂದುಗಡೆ ನೂಕಲು ಬ್ಯಾಂಕರ್ ಎಂಜಿನ್ನುಗಳನ್ನು ಕೂಡಿಸುತ್ತಾರೆ. ಅವು ಬಂದು ತಾಗಬೇಕು, ಕೊಂಡಿ ಬೀಳಬೇಕು, ಬ್ರೇಕಿನ ಗಾಳಿ ತುಂಬಿ ಪರೀಕ್ಷೆಯಾಗಬೇಕು. ನಮ್ಮಂಥವರು ಕ್ಯಾಮೆರಾ ಹಿಡಿದು ಹಿಂದಕ್ಕೆ ಓಡುವುದು ಇದನ್ನು ನೋಡಲಿಕ್ಕೆ. ಉಳಿದ ಪ್ರಯಾಣಿಕರು ಇಳಿಯುವುದು ವಡೆ, ಚಹಾಕ್ಕೆ. ಮೊದಲ ಸಲ ಹೋದಾಗ ವಡೆ ಮಾರುತ್ತಿದ್ದ ಹಿರಿಯರೊಬ್ಬರನ್ನು "ಗಾಡಿ ಬಿಟ್ಟುಬಿಡ್ತದೇನೋ ಅಣ್ಣಾ" ಎಂದು ಗಾಬರಿಯಿಂದ ಕೇಳಿದ್ದೆ. ಅವರು ತಲೆಯನ್ನೂ ಎತ್ತದೆ, "ಹಿಂದೆ ಎಂಜಿನ್ ತಾಗಿದ್ದು ಕೇಳ್ಲಿಲ್ವಾ ಇನ್ನೂ? ನಿಧಾನಕ್ಕೆ ತಿನ್ನಿ ಮಾರಾಯ್ರೇ" ಎಂದರು. ಬುಟ್ಟಿಯ ಮೇಲೆ ಹೊದಿಸಿದ್ದ ಬಟ್ಟೆಯನ್ನು ಅವರು ಮಡಚಿದ ಮೇಲೆಯೇ ಗಾರ್ಡ್ ಹಸಿರು ಬಾವುಟ ಬೀಸಿದ್ದು. ಕೈಯಲ್ಲಿ ಗಡಿಯಾರವಿಲ್ಲದೆ ಎಂಜಿನ್ನಿನ ಸದ್ದಿನಿಂದಲೇ ವೇಳೆ ಅಳೆಯುವ ಆ ಮನುಷ್ಯರು, ನನ್ನ ಲೆಕ್ಕದಲ್ಲಿ, ನಮ್ಮ ಗುಂಪಿನ ಎಲ್ಲರಿಗಿಂತ ದೊಡ್ಡ ರೈಲುಪ್ರೇಮಿ.

ಮುಂಬಯಿ–ಪುಣೆ ನಡುವಿನ ಕರ್ಜತ್‌ನಲ್ಲೂ ಕಥೆ ಇದೇ. ಭೋರ್ ಘಾಟಿಯ ಏರು ಇನ್ನೂ ಕಡಿದಾದದ್ದು, 37ಕ್ಕೆ ಒಂದು. ಅಲ್ಲಿಯೂ ಬ್ಯಾಂಕರ್ ಕೂಡಿಸುವ ನಿಲುಗಡೆಯೇ ಕರ್ಜತ್‌ನ ವಡಾಪಾವನ್ನು ಹೆಸರುವಾಸಿ ಮಾಡಿತು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಯಿಂದ ಬೆಂಗಳೂರಿಗೆ ಬಂದವರಿಗೆ ಆ ವಡೆಯ ನೆನಪಿರುತ್ತದೆ, ಅದನ್ನು ತಿನ್ನಲು ಬಿಡುವು ಕೊಟ್ಟ ಎಂಜಿನ್ನುಗಳ ನೆನಪು ಮಾತ್ರ ಇರುವುದಿಲ್ಲ.

ಆದರೆ ರೈಲ್ವೆಯ ತಿಂಡಿ ಎಂಬ ಮಾತಿಗೆ ಮದ್ದೂರು ವಡೆಯಷ್ಟು ಪಕ್ಕಾ ಉದಾಹರಣೆ ಬೇರೊಂದಿಲ್ಲ. ಮದ್ದೂರು ನಿಲ್ದಾಣದ ವೆಜಿಟೇರಿಯನ್ ಟಿಫಿನ್ ರೂಮಿನಲ್ಲಿ 1917ರ ಸುಮಾರಿಗೆ ರಾಮಚಂದ್ರ ಬುಧ್ಯ ಎಂಬವರು, ಪಕೋಡ ಕರಿಯುವಷ್ಟು ವ್ಯವಧಾನವಿಲ್ಲದೆ ಗಾಡಿ ಬಂದುಬಿಟ್ಟದ್ದರಿಂದ ಹಿಟ್ಟನ್ನು ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರು ಎಂಬ ಕಥೆಯನ್ನು ಈ ದಾರಿಯವರೆಲ್ಲ ಕೇಳಿರುತ್ತಾರೆ. ನನಗೆ ಆ ಕಥೆಗಿಂತ ವಡೆಯೇ ಹೆಚ್ಚು ಗಟ್ಟಿಯಾದ ಸಾಕ್ಷಿ. ಉದ್ದಿನ ವಡೆಗೆ ಬೇಳೆ ನೆನೆಯಬೇಕು, ರುಬ್ಬಬೇಕು, ಬಿಸಿಯಾಗಿರುವಾಗಲೇ ತಿನ್ನಬೇಕು, ಜೊತೆಗೆ ಚಟ್ನಿಯೋ ಸಾಂಬಾರೋ ಇರಬೇಕು. ಮದ್ದೂರು ವಡೆಗೆ ಇವು ಯಾವುವೂ ಬೇಡ. ರವೆ, ಅಕ್ಕಿಹಿಟ್ಟು, ಮೈದಾ, ಉದ್ದುದ್ದ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಉಪ್ಪು ಹಾಕಿ ಈರುಳ್ಳಿಯನ್ನು ಕಿವುಚಿದರೆ ಅದು ಬಿಡುವ ನೀರೇ ಹೆಚ್ಚುಕಡಿಮೆ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ. ಕಾದ ಎಣ್ಣೆ ಸುರಿದು ಕಲಸಿದ್ದರಿಂದ ಗರಿಗರಿಯಾಗುತ್ತದೆ, ತೆಳ್ಳಗಿರುವುದರಿಂದ ಬೇಗ ಬೇಯುತ್ತದೆ, ನೀರಿನಂಶ ಕಡಿಮೆಯಿರುವುದರಿಂದ ಮಾರನೆಯ ದಿನಕ್ಕೂ ಕೆಡುವುದಿಲ್ಲ. ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಮುರಿದು ತಿನ್ನಬಹುದು. ಗಾಡಿ ಅಲುಗಿದರೆ ಅಂಗಿಯ ಮೇಲೆ ಚೆಲ್ಲುವಂಥದ್ದೇನೂ ಅದರಲ್ಲಿಲ್ಲ. ಬೆಂಗಳೂರು–ಮೈಸೂರು ದಾರಿಯ ಸರಿಸುಮಾರು ನಡುವೆ, ಹಸಿವು ಹುಟ್ಟುವ ಹೊತ್ತಿಗೆ ಸರಿಯಾಗಿ ಮದ್ದೂರು ಬರುತ್ತಿತ್ತು ಎಂಬುದನ್ನೂ ಸೇರಿಸಿಕೊಳ್ಳಿ. ಪ್ರಯಾಣಕ್ಕೆಂದೇ ಒಂದು ತಿಂಡಿ ಮಾಡಿಕೊಡಿ ಎಂದು ಯಾರಾದರೂ ಕುಳಿತು ಲೆಕ್ಕ ಹಾಕಿದ್ದರೂ ಇಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ.

ಧಾರವಾಡದ ಪೇಡೆಯದು ಬೇರೆ ಜಾತಿ. ಅದು ನಿಲ್ದಾಣದಲ್ಲಿ ಹುಟ್ಟಿದ್ದಲ್ಲ, ಊರಲ್ಲಿ ಹುಟ್ಟಿ ರೈಲು ಹತ್ತಿದ್ದು. ಖೋವಾವನ್ನು ಕಂದುಬಣ್ಣ ಬರುವವರೆಗೆ ಹುರಿದು ಸಕ್ಕರೆ ಪುಡಿಯಲ್ಲಿ ಹೊರಳಿಸುವುದರಿಂದ ನಾಲ್ಕು ದಿನ ಕೆಡದೆ ಇರುತ್ತದೆ ಎಂಬ ಗುಣವೇ ಅದಕ್ಕೆ ಟಿಕೆಟ್ಟಾಯಿತು. ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಇದೇ ಸಾಲಿನವು. ಇವನ್ನು ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನಲ್ಲಿ ಕೊಂಡರೂ ಪೇಟೆಯಲ್ಲಿ ಕೊಂಡರೂ ವ್ಯತ್ಯಾಸವಿಲ್ಲ. ಪೇಟೆಯದೇ ಒಂದು ತೂಕ ಮೇಲು.

ಕುಡಿಯುವ ವಿಷಯಕ್ಕೆ ಬಂದರೆ ನಾನು ನಮ್ಮವರಷ್ಟು ಉದಾರಿಯಲ್ಲ. ಕಾಫಿ ತೋಟಗಳ ನಡುವಿನ ಒಂದು ನಿಲ್ದಾಣದಲ್ಲಿ, ಕಣ್ಣೆದುರಿಗೇ ಕಾಫಿ ಗಿಡ ಬಿಳಿಯ ಹೂ ಬಿಟ್ಟು ನಿಂತಿರುವಾಗ, ಕಾಗದದ ಲೋಟದಲ್ಲಿ ನನಗೆ ಸಿಕ್ಕಿದ್ದು ಬಿಸಿನೀರಿಗೆ ಕದಡಿದ ಸಕ್ಕರೆ. ರೈಲುಪ್ರೇಮಿಗಳ ಬರಹಗಳಲ್ಲಿ ಅಂಥ ಕಾಫಿಗೂ "ಅದ್ಭುತ" ಎಂಬ ಮಾತು ಬಿದ್ದಿರುವುದನ್ನು ಕಂಡಾಗ, ಮೋಡದ ನಡುವೆ ಎಂಜಿನ್ ಕೂಗಿದ್ದರ ಅಂಕವನ್ನು ಕಾಫಿಗೆ ಕೊಟ್ಟಿದ್ದಾರೆ ಎಂದುಕೊಂಡು ಸುಮ್ಮನಾಗುತ್ತೇನೆ.

ಈಗ ನಿಲುಗಡೆಗಳೇ ಕರಗುತ್ತಿವೆ. ಉಗಿ ಎಂಜಿನ್ನಿಗೆ ನೀರು ಕುಡಿಸುವುದು ಎಂದೋ ಮುಗಿಯಿತು. ಮೈಸೂರಿನ ದಾರಿ ಜೋಡಿ ಹಳಿಯಾದ ಮೇಲೆ ಎದುರಿನ ಗಾಡಿಗಾಗಿ ಕಾಯುವ ಕ್ರಾಸಿಂಗೂ ಹೋಯಿತು. 2022ರ ನವೆಂಬರಿನಲ್ಲಿ ಶುರುವಾದ ಚೆನ್ನೈ–ಮೈಸೂರು ವಂದೇ ಭಾರತ್‌ಗೆ ಮದ್ದೂರು ಕಣ್ಣಿಗೆ ಬೀಳುವುದರೊಳಗೆ ದಾಟಿ ಹೋಗುವ ಒಂದು ಫಲಕವಷ್ಟೇ, ಜೊತೆಗೆ ಅದರ ಕಿಟಕಿಗಳು ತೆರೆಯುವುದೂ ಇಲ್ಲ. ಇದಕ್ಕೆ ಕಣ್ಣೀರು ಹಾಕುವುದು ನನ್ನಿಂದಾಗದು. ಕ್ರಾಸಿಂಗಿಗೆಂದು ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತ ಗಾಡಿಯಲ್ಲಿ, ಆಸ್ಪತ್ರೆಗೆ ಹೊರಟವರೂ ಪರೀಕ್ಷೆ ಬರೆಯಲು ಹೊರಟವರೂ ಇರುತ್ತಿದ್ದರು. ಅವರ ಕಾಯುವಿಕೆಯ ಮೇಲೆ ನಮ್ಮ ವಡೆಯ ನೆನಪು ನಿಂತಿದೆ. ಬೇಗ ಹೋಗುವ ರೈಲು ಬೇಕೇ ಬೇಕು.

ನನ್ನ ತಕರಾರು ಇರುವುದು ಬೇರೆ ಕಡೆ. 2022ರಲ್ಲಿ ಬಂದ "ಒಂದು ನಿಲ್ದಾಣ, ಒಂದು ಉತ್ಪನ್ನ" ಯೋಜನೆಯ ಉದ್ದೇಶ ಒಳ್ಳೆಯದೇ, ಮಳಿಗೆಗಳನ್ನು ನೋಡಿ ಸಂತೋಷವೂ ಆಗಿದೆ. ಆದರೆ ಎರಡು ನಿಮಿಷ ನಿಲ್ಲುವ ಗಾಡಿಯ ಪ್ರಯಾಣಿಕನಿಗೆ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿರುವ ಮಳಿಗೆ ಯಾವ ಪ್ರಯೋಜನಕ್ಕೆ ಬಂತು? ನಿಲುಗಡೆ ಚಿಕ್ಕದಾದಾಗ ತಿಂಡಿಯೇ ಪ್ರಯಾಣಿಕನ ಬಳಿಗೆ ನಡೆದು ಬರಬೇಕು ಎಂಬುದು ಆ ಬುಟ್ಟಿಯ ಹಿರಿಯರಿಗೆ ಗೊತ್ತಿರುವ ಸಂಗತಿ. ಪರವಾನಗಿ, ಶುಚಿತ್ವದ ತಪಾಸಣೆ ಎಲ್ಲ ಇರಲಿ. ಅವರನ್ನು ಗಾಡಿಯಿಂದ ದೂರ ಅಟ್ಟುವ ಬದಲು ಅವರಿಗೊಂದು ಗುರುತಿನ ಚೀಟಿ ಕೊಟ್ಟು ಒಳಗೆ ಬಿಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ರೈಲುಪ್ರೇಮಿ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಎಂಜಿನ್ನಿನ ಸಂಖ್ಯೆ ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ, ತಿಂದದ್ದೇನು, ಮಾರಿದವರು ಯಾವ ನಿಲ್ದಾಣದಲ್ಲಿ ಹತ್ತಿ ಎಲ್ಲಿ ಇಳಿದರು, ಗಾಡಿ ಎಷ್ಟು ನಿಮಿಷ ನಿಂತಿತ್ತು ಎಂಬುದನ್ನೂ ಬರೆದಿಡಿ. ವಿದ್ಯುದೀಕರಣದ ಕೆಲಸ ಘಾಟಿಯನ್ನೂ ಹತ್ತಿದೆ, ನೆಟ್ಟಣದ ನಿಲುಗಡೆ ಇನ್ನೆಷ್ಟು ದಿನ ಹೀಗೇ ಇರುತ್ತದೋ ಗೊತ್ತಿಲ್ಲ. ಮುಂದಿನ ವಾರ ನಾನು ಮತ್ತೆ ನೆಟ್ಟಣಕ್ಕೆ ಹೊರಟಿದ್ದೇನೆ; ಈ ಸಲ ಬ್ಯಾಂಕರ್ ತಾಗುವುದನ್ನು ನೋಡಲು ಹಿಂದಕ್ಕೆ ಓಡದೆ, ಆ ಬುಟ್ಟಿಯ ಪಕ್ಕದಲ್ಲೇ ನಿಂತು ಸದ್ದು ಕೇಳಬೇಕೆಂದಿದ್ದೇನೆ.